‘ನೋಡೋಣ್ರಿ’ ಅಂದರೆ ಹೂಂ ಅಂತಲೋ, ಉಹೂಂ ಅಂತಲೋ?

ಶನಿವಾರ ಬೆಳಿಗ್ಗೆ ಏಳು ಗಂಟೆ. ಕಾಲೇಜಿನ ಗೇಟಿನ ಮುಂದೆ ಇಪ್ಪತ್ತೆರಡು ಹುಡುಗ ಹುಡುಗಿಯರು ನೀರಿನ ಬಾಟಲಿ, ತಿಂಡಿ ಡಬ್ಬಿ ಹಿಡಿದು ನಿಂತಿದ್ದರು. ನಡುವೆ, ನೆದರ್ಲ್ಯಾಂಡ್ಸ್‌ನಿಂದ ಒಂದು ಸೆಮಿಸ್ಟರ್ ಪಾಠ ಮಾಡಲು ಬಂದಿದ್ದ ಮಾಸ್ತರರು, ತಲೆಗೆ ಬಿಸಿಲು ಟೋಪಿ ಹಾಕಿಕೊಂಡು. ಎಲ್ಲರೂ ಗೋಕಾಕ ಫಾಲ್ಸ್‌ಗೆ ಹೊರಟವರು. ಬಸ್ ಮಾತ್ರ ಇರಲಿಲ್ಲ.

ತಪ್ಪು ನನ್ನದೇ. ಸೋಮವಾರ ಅವರು ಬಂದು ಬಸ್ ಕೇಳಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು, ಬಸ್ ಸಿಗುವ ಹಾಗಿರಲಿಲ್ಲ. ಆದರೆ ಪರದೇಶದಿಂದ ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅನ್ನುವುದು ಹೇಗೆ? ನಮ್ಮ ಬೆಳಗಾವಿಯ ‘ನೋಡೋಣ್ರಿ’ಯನ್ನೇ ಇಂಗ್ಲಿಷಿಗೆ ತಿರುಗಿಸಿ ‘ವಿ ವಿಲ್ ಸೀ’ ಅಂದೆ. ಅವರು ಡೈರಿ ತೆಗೆದು ಶನಿವಾರದ ಎದುರು ಗುರುತು ಹಾಕಿಕೊಂಡರು. ಫಾಲ್ಸ್ ನೋಡೋಣ ಅಂದೆ ಅಂದುಕೊಂಡರೋ ಏನೋ.

ಗೇಟಿನ ಹತ್ತಿರ ಒಬ್ಬ ಹುಡುಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: “ಸರ್, ನೀವು ‘ನೋಡೋಣ್ರಿ’ ಅಂದೀರಿ ಅಂತ ಅವ್ರು ಮೊದ್ಲ ಹೇಳಿದ್ರ, ನಾವು ಮನ್ಯಾಗ ಮಲ್ಕೊಂಡಿರ್ತಿದ್ವಿ ನೋಡ್ರಿ.”

ಆ ನಾಚಿಕೆಯಲ್ಲೇ ನಾನು, ಬೇರೆ ಬೇರೆ ಸಂಸ್ಕೃತಿಯವರು ಒಬ್ಬರ ಮಾತನ್ನು ಒಬ್ಬರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅನ್ನುವ ವಿಷಯದ ಪುಸ್ತಕಗಳನ್ನು ಹುಡುಕಿ ಓದಲು ಶುರು ಮಾಡಿದ್ದು. ಈಗ ಹೊರದೇಶಕ್ಕೆ ಪಾಠ ಮಾಡಲು ಹೊರಟವರು, ಇಲ್ಲೇ ಹೊರಗಿನ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವರು ಆಗಾಗ ಕೇಳುತ್ತಾರೆ, ಏನು ಓದಬೇಕ್ರಿ ಅಂತ. ಹೆಸರು ಹೇಳುವುದು ಸುಲಭ. ಯಾವ ಪುಸ್ತಕವನ್ನು ಎಲ್ಲಿಯವರೆಗೆ ನಂಬಬೇಕು ಅನ್ನುವುದೇ ಸ್ವಲ್ಪ ತಂಟೆಯ ಕೆಲಸ.

ಮೊದಲು ಎಡ್ವರ್ಡ್ ಹಾಲ್. ಅಮೆರಿಕದ ಮಾನವಶಾಸ್ತ್ರಜ್ಞ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊರದೇಶಗಳಿಗೆ ಹೋಗುವ ಅಮೆರಿಕದ ಅಧಿಕಾರಿಗಳಿಗೆ ತರಬೇತಿ ಕೊಡುತ್ತಿದ್ದವರು. ಅವರ ‘ದಿ ಸೈಲೆಂಟ್ ಲ್ಯಾಂಗ್ವೇಜ್’ ಬಂದದ್ದು 1959ರಲ್ಲಿ. ಮಾತಾಡದೆಯೇ ನಾವು ಎಷ್ಟೊಂದು ಹೇಳುತ್ತೇವೆ, ಕಾಯಿಸುವುದು ಕೂಡ ಒಂದು ಮಾತೇ ಅನ್ನುವುದು ಅದರ ತಿರುಳು. 1976ರ ‘ಬಿಯಾಂಡ್ ಕಲ್ಚರ್’ನಲ್ಲಿ ನನ್ನ ಬಸ್ಸಿನ ಕಥೆಗೆ ಉತ್ತರ ಸಿಕ್ಕಿತು. ಕೆಲವು ಸಮಾಜಗಳಲ್ಲಿ ಅರ್ಥದ ಬಹುಪಾಲು ಮಾತಿನಲ್ಲೇ ಇರುತ್ತದೆ. ಜರ್ಮನ್ ಮಾತಾಡುವ ಸ್ವಿಸ್ ಜನರನ್ನು ಹಾಲ್ ಈ ತುದಿಯಲ್ಲಿ ಇಡುತ್ತಾರೆ. ಇನ್ನು ಕೆಲವು ಕಡೆ ಅರ್ಥದ ಬಹುಪಾಲು ಮಾತಿನ ಹೊರಗಿರುತ್ತದೆ. ಯಾರು ಯಾರಿಗೆ ಹೇಳಿದರು, ಎಷ್ಟು ಹೊತ್ತು ಸುಮ್ಮನಿದ್ದು ಹೇಳಿದರು, ಅದೇ ಲೆಕ್ಕ. ಜಪಾನ್ ಈ ತುದಿಯಲ್ಲಿ. ನಮ್ಮ ‘ನೋಡೋಣ್ರಿ’ಯೂ ಈ ಕಡೆಯದೇ ಅಲ್ವಾ? ಪದಕೋಶದಲ್ಲಿ ಅದಕ್ಕೆ ‘ಇಲ್ಲ’ ಅನ್ನುವ ಅರ್ಥ ಸಿಗಲಿಕ್ಕಿಲ್ಲ. ಎಳೆದು ಹೇಳಿದ ‘ಣ್ರೀ’ಯಲ್ಲಿ ಅದು ಇದೆ. ಎದ್ದು ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಬರ್ತೇನ್ರಿ’ ಅನ್ನುವ ಊರು ನಮ್ಮದು. ಹೊರಗಿನವರು ಗೊಂದಲ ಬೀಳದೆ ಏನು ಮಾಡಿಯಾರು!

ಒಂದು ಎಚ್ಚರ. ಹಾಲ್ ಕೂತು ನೋಡಿದವರು, ತಕ್ಕಡಿ ಹಿಡಿದು ತೂಗಿದವರಲ್ಲ. ಒಳ್ಳೆಯ ಕಣ್ಣು ಅವರದು. ಆದರೂ ಅದು ಒಬ್ಬರ ಕಣ್ಣು.

ತೂಗಲು ಹೊರಟವರು ಗೇರ್ಟ್ ಹಾಫ್‌ಸ್ಟೆಡ್, ನಮ್ಮ ಮಾಸ್ತರರ ಹಾಗೆಯೇ ಡಚ್ಚರು. 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರು ಬೇರೆ ಬೇರೆ ದೇಶಗಳಲ್ಲಿ ತುಂಬಿಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಅವರು ಜರಡಿ ಹಿಡಿದರು. 1980ರಲ್ಲಿ ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಬಂತು. ಅದರಲ್ಲಿ ‘ಅಧಿಕಾರದ ಅಂತರ’ ಅನ್ನುವ ಅಳತೆ ಇದೆ. ಅದು ನಿಂತಿರುವುದು ಮೂರೇ ಪ್ರಶ್ನೆಗಳ ಮೇಲೆ: ಸಾಹೇಬರ ಮಾತಿಗೆ ಎದುರಾಡಲು ಇಲ್ಲಿಯ ಜನ ಎಷ್ಟು ಹೆದರುತ್ತಾರೆ? ನಿಮ್ಮ ಸಾಹೇಬರು ಎಂಥವರು? ಎಂಥ ಸಾಹೇಬರು ನಿಮಗೆ ಬೇಕು? ಉತ್ತರಗಳಿಂದ ಒಂದೊಂದು ದೇಶಕ್ಕೆ ಒಂದೊಂದು ಅಂಕ; ಅಂಕ ಜಾಸ್ತಿ ಆದಷ್ಟೂ ಸಾಹೇಬರಿಗೂ ಕೈಕೆಳಗಿನವರಿಗೂ ಅಂತರ ಜಾಸ್ತಿ. ಆಸ್ಟ್ರಿಯಾಕ್ಕೆ 11, ನೆದರ್ಲ್ಯಾಂಡ್ಸ್‌ಗೆ 38, ಭಾರತಕ್ಕೆ 77. ಮಲೇಷಿಯಾಕ್ಕೆ 104! ನೂರರ ಅಳತೆಗೋಲಿನಲ್ಲಿ ಇದೆಲ್ಲಿಂದ ಬಂತು ಅಂದರೆ, ಮೊದಲ ನಲವತ್ತು ದೇಶಗಳಿಗೆ ಹೊಂದುವ ಹಾಗೆ ಕೋಲು ಮಾಡಿಕೊಂಡಿದ್ದರು. ಆಮೇಲೆ ಸೇರಿದ ಮಲೇಷಿಯಾ ಕೋಲನ್ನೇ ದಾಟಿತು.

ಈ ಅಂಕ ನಮಗೆ ಬೇಕಾದದ್ದೇ. ಕೆಎಲ್‌ಇ ಸಂಸ್ಥೆ ಮತ್ತು ಯೂನಿವರ್ಸಿಟಿ ಸೈನ್ಸ್ ಮಲೇಷಿಯಾ ಸೇರಿ ನಡೆಸಿದ ವೈದ್ಯಕೀಯ ಕೋರ್ಸಿಗೆಂದು ಆ ದೇಶದ ಮಕ್ಕಳು ಬೆಳಗಾವಿಗೆ ಬಂದು ಓದಿದ್ದಾರೆ. ಅಂಥ ಒಬ್ಬ ಹುಡುಗಿ ಎದುರು ಕೂತಾಗ ‘ಓಹೋ, 104’ ಅಂದುಕೊಂಡು ಮಾತು ಶುರು ಮಾಡಿದರೆ?

ಮಾಡಬಾರದು. ಯಾಕೆ ಅನ್ನುವುದನ್ನು ವಿಲಿಯಂ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ 1950ರಷ್ಟು ಹಿಂದೆಯೇ ಅಂಕಿ ಇಟ್ಟು ತೋರಿಸಿದ್ದರು. ಅದು ಪುಸ್ತಕವಲ್ಲ, ಸಣ್ಣ ಲೇಖನ. ನನ್ನ ಕೇಳಿದರೆ ಈ ಪಟ್ಟಿಯಲ್ಲಿ ಮೊದಲು ಓದಬೇಕಾದ್ದು ಅದೇ. ಅವರು ಅಮೆರಿಕದ 1930ರ ಜನಗಣತಿ ತೆಗೆದುಕೊಂಡರು. ಯಾವ ರಾಜ್ಯಗಳಲ್ಲಿ ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇದ್ದರೋ ಆ ರಾಜ್ಯಗಳಲ್ಲಿ ಓದು ಬರಹ ಬಾರದವರು ಕಡಿಮೆ. ನಂಟು ಸಣ್ಣದೇನಲ್ಲ, ಮೈನಸ್ 1ರಿಂದ ಪ್ಲಸ್ 1ರವರೆಗಿನ ಅಳತೆಯಲ್ಲಿ ಮೈನಸ್ 0.53. ಹಾಗಾದರೆ ವಲಸೆ ಬಂದವರು ಹೆಚ್ಚು ಓದಿದವರು ಅಂತಾಯಿತು. ಅದೇ ಜನಗಣತಿಯನ್ನು ಒಬ್ಬೊಬ್ಬರ ಲೆಕ್ಕದಲ್ಲಿ ನೋಡಿದರೆ ಚಿಹ್ನೆಯೇ ತಿರುಗಿತು: ಪ್ಲಸ್ 0.12. ವಲಸಿಗರಲ್ಲೇ ಓದು ಬಾರದವರು ಸ್ವಲ್ಪ ಹೆಚ್ಚು! ಅವರು ಹೋಗಿ ನೆಲೆಸಿದ್ದು ಸ್ಥಳೀಯರು ಚೆನ್ನಾಗಿ ಓದಿಕೊಂಡಿದ್ದ ರಾಜ್ಯಗಳಲ್ಲಿ, ಅದಕ್ಕೇ ಹಾಗೆ ಕಂಡದ್ದು. ಗುಂಪಿನ ಬಗ್ಗೆ ನಿಜವಾದದ್ದು ಗುಂಪಿನೊಳಗಿನ ಒಬ್ಬರ ಬಗ್ಗೆ ಪೂರ್ತಿ ಉಲ್ಟಾ ಆಗಬಹುದು.

ಹಾಫ್‌ಸ್ಟೆಡ್ ಕೂಡ ತಮ್ಮ ಅಂಕಗಳು ದೇಶಗಳನ್ನು ಹೋಲಿಸಲು, ವ್ಯಕ್ತಿಗಳನ್ನು ಅಳೆಯಲು ಅಲ್ಲ ಅಂತಲೇ ಹೇಳಿದ್ದರು. ತರಬೇತಿ ಶಿಬಿರಗಳ ಸ್ಲೈಡುಗಳಲ್ಲಿ ಆ ಮಾತು ಉದುರಿಹೋಗುತ್ತದೆ. ಇನ್ನು ಒಂದೇ ಕಂಪನಿಯ ನೌಕರರನ್ನು ಕೇಳಿ ದೇಶಕ್ಕೇ ಅಂಕ ಕೊಡಬಹುದೇ ಅನ್ನುವ ತಕರಾರು ಬೇರೆ ಇದೆ. ನಮ್ಮ ಖಡೇಬಜಾರಿನಲ್ಲಿ ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಕಿವಿಗೆ ಬೀಳುತ್ತವೆ. ಬೆಳಗಾವಿಯವರ ಅಂಕ ಎಷ್ಟು ಅಂತ ಯಾರಾದರೂ ಹೇಳಲಿ ನೋಡೋಣ.

ಎರಿನ್ ಮೇಯರ್ ಅವರ ‘ದಿ ಕಲ್ಚರ್ ಮ್ಯಾಪ್’ (2014) ಓದಲು ಸಲೀಸು, ಬಸ್ಸಿನಲ್ಲೇ ಮುಗಿಸಬಹುದು. ಎಂಟು ಅಳತೆಗಳಲ್ಲಿ ದೇಶಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದು ವಿಷಯ ಚೆನ್ನಾಗಿ ಹೇಳಿದ್ದಾರೆ: ಯಾರು ಎಲ್ಲಿದ್ದಾರೆ ಅನ್ನುವುದಕ್ಕಿಂತ ನಿಮ್ಮಿಂದ ಎಷ್ಟು ದೂರ ಇದ್ದಾರೆ ಅನ್ನುವುದು ಮುಖ್ಯ. ಅದೇ ಫ್ರೆಂಚರು ಬ್ರಿಟಿಷರಿಗೆ ಹೊತ್ತುಗೊತ್ತಿಲ್ಲದವರಾಗಿ ಕಂಡರೆ, ಭಾರತದವರಿಗೆ ಗಡಿಯಾರಕ್ಕೆ ಕಟ್ಟಿಹಾಕಿಕೊಂಡವರಾಗಿ ಕಾಣುತ್ತಾರೆ.

ನನ್ನನ್ನು ಚುಚ್ಚಿದ್ದು ಮಿಲ್ಟನ್ ಬೆನೆಟ್ 1986ರಲ್ಲಿ ಬರೆದ, ಬೇರೆ ಸಂಸ್ಕೃತಿಯನ್ನು ಅರಿಯುವ ಆರು ಮೆಟ್ಟಿಲುಗಳ ಲೇಖನ. ಬೇರೆತನ ಇದೆ ಅಂತಲೇ ಒಪ್ಪದವರು ಕೆಳಗೆ. ನಮ್ಮದೇ ಸರಿ ಅನ್ನುವವರು ಎರಡನೆಯದರಲ್ಲಿ. ‘ಒಳಗೆ ಎಲ್ಲರೂ ಒಂದೇ ಬಿಡ್ರಿ’ ಅನ್ನುವುದು ಮೇಲಿನ ಮೆಟ್ಟಿಲು ಇರಬೇಕು ಅಂದುಕೊಂಡಿದ್ದೆ. ಬೆನೆಟ್ ಅದನ್ನು ಇಟ್ಟಿರುವುದು ಮೂರನೆಯದಾಗಿ. ‘ಒಂದೇ’ ಅನ್ನುವಾಗ ನಾವು ‘ನನ್ನ ಹಾಗೇ’ ಅಂದುಕೊಂಡಿರುತ್ತೇವಂತೆ. ನಾನು ವರ್ಷಗಟ್ಟಲೆ ಅಲ್ಲೇ ಕೂತಿದ್ದೆ. ಕ್ಲಾಸಿನಲ್ಲಿ ಕೈ ಎತ್ತಿ ಸಂಶಯ ಕೇಳಿದವರಿಗೆ ಐದು ಅಂಕ, ನಿಯಮ ಎಲ್ಲರಿಗೂ ಒಂದೇ. ಕೈ ಎತ್ತದವರು ಓದಿಲ್ಲ ಅಂತ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಹಳೆಯ ಉತ್ತರಪತ್ರಿಕೆಯ ಖಾಲಿ ಹಾಳೆಗಳನ್ನು ಹರಿದು, ಹೆಸರಿಲ್ಲದೆ ಬರೆದು ಕೊಡ್ರಿ ಅಂದೆ. ಮೂವತ್ತೊಂದು ಚೀಟಿ ಬಂದವು. ಎರಡಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ.

ನಾಯಕತ್ವದ ಬಗ್ಗೆ ಅಂತ ಮಾರುವ ಬಹಳಷ್ಟು ಪುಸ್ತಕ ಬಿಟ್ಟರೂ ನಡೆಯುತ್ತದೆ. ಒಳ್ಳೆಯ ನಾಯಕ ಅಂದರೆ ಎಂಥವರು ಅಂತ ಬೇರೆ ಬೇರೆ ಕಡೆ ಕೇಳಿ ನೋಡಿದ 2004ರ ‘ಗ್ಲೋಬ್’ ಅಧ್ಯಯನ ಒಂದನ್ನು ತಿರುವಿ ಹಾಕಿ: 62 ಸಮಾಜಗಳು, ಸುಮಾರು 17,000 ಮ್ಯಾನೇಜರುಗಳು, 800 ಪುಟ. ಪೂರ್ತಿ ಓದುವುದು ಬೇಡ, ನಾನೂ ಓದಿಲ್ಲ. ನಂಬಿಕಸ್ಥರು, ನ್ಯಾಯವಾಗಿ ನಡೆಸುವವರು, ಮುಂದಿನದನ್ನು ಯೋಚಿಸುವವರು ಎಲ್ಲ ಕಡೆಯೂ ಬೇಕು. ಮಹತ್ವಾಕಾಂಕ್ಷೆ ಮಾತ್ರ ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ.

ಡಚ್ ಮಾಸ್ತರರು ಊರಿಗೆ ಹೊರಡುವ ಮುಂಚೆ ನನ್ನ ಒಂದು ಪ್ರಬಂಧ ತಿದ್ದಿಕೊಡ್ತೀರಾ ಅಂತ ಕೇಳಿದೆ. ಅಷ್ಟೊತ್ತಿಗೆ ಅವರಿಗೆ ನಾಲ್ಕು ಮಾತು ಕನ್ನಡ ಬರುತ್ತಿತ್ತು. ನಕ್ಕು “ನೋಡೋಣ್ರಿ” ಅಂದರು. ಸರಿ, ಅರ್ಥವಾಯಿತು ಅಂದುಕೊಂಡು ಬೇರೆಯವರನ್ನು ಹುಡುಕಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಪ್ರಬಂಧ ನನ್ನ ಮೇಜಿನ ಮೇಲಿತ್ತು, ಪುಟಪುಟಕ್ಕೂ ಹಸಿರು ಶಾಯಿಯ ಗುರುತು.