ಶಕ್ತಿ ‘ಶಕಿತ’ ಆದಾಗ: ಕನ್ನಡ ಓದಿನಲ್ಲಿ ಡಿಸ್ಲೆಕ್ಸಿಯಾ ಗುರುತಿಸುವುದು

ಡಿಸ್ಲೆಕ್ಸಿಯಾದ, ಅಂದರೆ ಓದು-ಬರಹ ಕಲಿಯುವಲ್ಲಿನ ತೊಡಕಿನ, ಲಕ್ಷಣ ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನ ‘ಬಿ’ ಬರೆಯುವಲ್ಲಿ ‘ಡಿ’ ಬರೆಯುವುದು ಎನ್ನುತ್ತೇವೆ. ಅದೊಂದನ್ನೇ ಹಿಡಿದುಕೊಂಡು ಕನ್ನಡ ಶಾಲೆಗೆ ಹೋದರೆ ಕಷ್ಟಪಡುತ್ತಿರುವ ಮಗು ಕಣ್ಣಿಗೆ ಬೀಳುವುದೇ ಇಲ್ಲ. ಲಿಪಿ ಬೇರೆಯಾದ್ದರಿಂದ ಓದು ಎಡವುವ ಜಾಗವೂ ಬೇರೆ.

ಮೊದಲು ಒಂದು ಮಾತು: ಇದು ದಡ್ಡತನವಲ್ಲ, ಸೋಮಾರಿತನವಲ್ಲ, ಕಣ್ಣಿನ ದೋಷವೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವ ಕೆಲಸ ಈ ಮಕ್ಕಳಿಗೆ ಸಲೀಸಾಗಿ ಒದಗುವುದಿಲ್ಲ.

ಈಗ ‘ಶಕ್ತಿ’ ಎಂದು ಕಾಗದದ ಮೇಲೆ ಬರೆದು ನೋಡಿ. ‘ಇ’ಯ ಗುರುತಾದ ಗುಡಿಸು ಕೂತಿರುವುದು ‘ಕ’ದ ಮೇಲೆ, ‘ಇ’ ಕೇಳಿಸುವುದು ‘ತ’ದ ನಂತರ. ಕಣ್ಣಿಗೆ ಕಂಡ ಕ್ರಮದಲ್ಲೇ ಓದುವ ಮಗು ‘ಶಕಿತ’ ಎನ್ನುತ್ತದೆ. ‘ವರ್ಷ’ದಲ್ಲಿ ಅರ್ಕಾವತ್ತು ಬರುವುದು ‘ಷ’ದ ಆಚೆ, ಆದರೆ ರಕಾರ ಹೇಳಬೇಕಾದದ್ದು ಅದಕ್ಕೂ ಮುಂಚೆ. ಮಗು ‘ವಷರ’ ಎಂದು ಓದುತ್ತದೆ. ಇವು ಅಡ್ಡಾದಿಡ್ಡಿ ತಪ್ಪುಗಳಲ್ಲ, ಅವಕ್ಕೊಂದು ತರ್ಕವಿದೆ. ಆದ್ದರಿಂದ ‘ತಪ್ಪು’ ಎಂದು ಗೀಟು ಹಾಕಿ ಬಿಡದೆ, ಮಗು ಏನೆಂದು ಓದಿತೋ ಅದನ್ನೇ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಆ ಪುಟಕ್ಕಿಂತ ಬೆಲೆಯುಳ್ಳ ದಾಖಲೆ ಬೇರೆ ಇಲ್ಲ.

ಆದರೆ ಎರಡನೇ ತರಗತಿಯಲ್ಲಿ ಇದನ್ನು ಕಂಡು ಗಾಬರಿಯಾಗಬೇಡಿ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಓರಗೆಯವರು ದಾಟಿ ಹೋದ ಮೇಲೂ, ಚೆನ್ನಾಗಿ ಕಲಿಸಿದ ಮೇಲೂ ಅದೇ ತಪ್ಪು ಉಳಿದರೆ ಯೋಚಿಸಬೇಕು. ಇನ್ನೊಂದು, ಕನ್ನಡ ಬರೆದಂತೆ ಓದುವ ಭಾಷೆ. ಹಾಗಾಗಿ ಕೆಲವು ಮಕ್ಕಳು ತಪ್ಪಿಲ್ಲದೆ, ಆದರೆ ಒಂದೊಂದೇ ಅಕ್ಷರ ತಡವಿಕೊಂಡು ಓದುತ್ತಾರೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಈ ನಿಧಾನವೂ ಲಕ್ಷಣವೇ, ನಾವು ಹೆಚ್ಚಾಗಿ ಕಡೆಗಣಿಸುವ ಲಕ್ಷಣ.

‘ಹಾಲು’ ಅನ್ನು ‘ಆಲು’ ಎಂದು ಓದಿದರೆ? ಮನೆಮಾತೇ ಹಾಗಿರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮನೆಯಲ್ಲಿ ತುಳುವೋ ಉರ್ದುವೋ ಆಡುವ ಮಗುವಾದರೆ ಕನ್ನಡ ಮಾತು ಎಷ್ಟು ಬರುತ್ತದೆ ಎಂದು ಮೊದಲು ನೋಡಿ. ಕಣ್ಣು, ಕಿವಿ ತಪಾಸಣೆ ಆಗಿರಲಿ. ನಂತರ ಒಂದು ಕಥೆ ಓದಿ ಹೇಳಿ ಪ್ರಶ್ನೆ ಕೇಳಿ, ಅಂಥದೇ ಇನ್ನೊಂದನ್ನು ಮಗುವಿನಿಂದ ಓದಿಸಿ ಕೇಳಿ. ಕೇಳಿದಾಗ ಪಟಪಟನೆ ಉತ್ತರಿಸಿ, ತಾನೇ ಓದಿದಾಗ ತಡವರಿಸಿದರೆ ತೊಡಕು ಅಕ್ಷರದಲ್ಲಿದೆ.

ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾ ಸಾಮಗ್ರಿ ಕನ್ನಡದಲ್ಲೂ ಇದೆ, ಅದರಲ್ಲಿ ಶಿಕ್ಷಕರೇ ತುಂಬುವ ಭಾಗವುಂಟು. ಆದರೂ ಇದು ಡಿಸ್ಲೆಕ್ಸಿಯಾವೇ ಎಂದು ಹೆಸರಿಡುವುದು ಶಿಕ್ಷಕರಾದ ನಮ್ಮ ಕೆಲಸವಲ್ಲ. ಅದಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕಳಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಇಂಥ ಸೌಲಭ್ಯ ಕೇಳಬಹುದು.

ವರದಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ‘ಕೌ’ ಒಂದನ್ನೇ ತೋರಿಸಿ: ಎಷ್ಟೋ ಸಲ ‘ಕ, ಕಾ, ಕಿ’ ಎಂದು ಮೊದಲಿನಿಂದ ಹೇಳಿಕೊಂಡೇ ಅಲ್ಲಿಗೆ ತಲುಪುತ್ತದೆ. ಆದ್ದರಿಂದ ಸಾಲು ಒಡೆದು, ಕಲಸಿ, ದಿನಕ್ಕೆ ನಾಲ್ಕೈದೇ ಅಕ್ಷರ ಕೊಡಿ. ಅಂತ್ಯಾಕ್ಷರಿ ಆಡಿಸಿ. ‘ಅರಸ’ದಲ್ಲಿ ‘ಅ’ ತೆಗೆದರೆ ಏನುಳಿಯಿತು ಎಂದು ಕೇಳಿ. ಎಲ್ಲರೆದುರು ಎದ್ದು ನಿಂತು ಓದು ಎಂದು ಮಾತ್ರ ಹೇಳಬೇಡಿ. ಪಕ್ಕ ಕೂತು ಜೊತೆಯಲ್ಲೇ ಓದಿ.

ಅಭ್ಯಾಸ ಬೋಧನೆಯಲ್ಲಿ ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ‘ಶ’, ‘ಕ್’, ‘ತಿ’ ಎಂದು ಮೂರು ಚೀಟಿ ಮಾಡಿಕೊಟ್ಟಿದ್ದೆ. ಒಂದೊಂದನ್ನೇ ಸರಿಸುತ್ತಾ ಓದಿದಳು, ಆಮೇಲೆ ‘ತ’ ಅನ್ನು ‘ಕ’ದ ಕೆಳಗೆ ತಾನೇ ಬರೆದಳು. ಗುಡಿಸು ಎಲ್ಲಿಡಬೇಕು ಎಂದು ಪೆನ್ಸಿಲ್ ಎತ್ತಿ ಹಿಡಿದು ತುಸು ಹೊತ್ತು ಯೋಚಿಸಿದಳು, ಕೊನೆಗೆ ‘ಕ’ದ ಮೇಲಿಟ್ಟು ‘ಶಕ್ತಿ’ ಎಂದಳು. ಮರುದಿನ ‘ಭಕ್ತಿ’ಯ ಚೀಟಿಗಳನ್ನು ಅವಳೇ ಕತ್ತರಿಸಿ ತಂದಿದ್ದಳು.