ಬ್ರೇಕ್ ಪೈಪಿನೊಳಗೆ ನೀರು, ಗಾಳಿ, ಜೊತೆಗೆ ಸಂಪಾಜೆ ಘಾಟಿ

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿ. ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟುವಷ್ಟರಲ್ಲಿ ಅದರಲ್ಲಿ ಸುಮಾರು 1000 ಮೀಟರ್ ಇಳಿದಿರುತ್ತೇವೆ. ಆಮೇಲೆ ಜಾಲ್ಸೂರು, ಆದೂರು, ಮುಳ್ಳೇರಿಯ ದಾಟಿದರೆ ನಮ್ಮ ಕಾಸರಗೋಡು. ಒಂದು ಟನ್ ತೂಕದ ಕಾರು ಅಷ್ಟು ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 98 ಲಕ್ಷ ಜೂಲ್. 30 ಲೀಟರ್ ತಣ್ಣೀರನ್ನು ಕುದಿಯುವ ತನಕ ಬಿಸಿ ಮಾಡಲು ಅಷ್ಟು ಸಾಕು. ಇದರಲ್ಲಿ ಸ್ವಲ್ಪ ಗಾಳಿಯ ತಡೆಗೆ ಹೋಗುತ್ತದೆ, ಸ್ವಲ್ಪ ಟಯರಿಗೆ, ಕಡಿಮೆ ಗೇರಿನಲ್ಲಿ ಇಳಿದರೆ ಒಂದಷ್ಟು ಇಂಜಿನ್ನಿಗೆ. ಉಳಿದದ್ದೆಲ್ಲ ಬ್ರೇಕಿನ ತಲೆಗೆ. ಚಕ್ರದ ಜೊತೆ ತಿರುಗುವ ಡಿಸ್ಕ್ ಬಿಸಿಯಾಗುತ್ತದೆ, ಅದನ್ನು ಹಿಡಿಯುವ ಪ್ಯಾಡ್ ಬಿಸಿಯಾಗುತ್ತದೆ, ಕೊನೆಗೆ ಆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಳಗಿನ ಬ್ರೇಕ್ ಆಯಿಲ್ ಕೂಡ.

ಬ್ರೇಕ್ ಕೆಲಸ ಮಾಡುವುದು 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮದ ಮೇಲೆ. ಮುಚ್ಚಿದ ಜಾಗದಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹೋಗುತ್ತದೆ. ಪೆಡಲಿನ ಹಿಂದಿರುವ ಮಾಸ್ಟರ್ ಸಿಲಿಂಡರ್ 20 ಮಿಲಿಮೀಟರ್ ಅಗಲ, ಚಕ್ರದ ಹತ್ತಿರದ ಪಿಸ್ಟನ್ 50 ಮಿಲಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ, ಬಲ ಆರು ಪಟ್ಟು ಜಾಸ್ತಿಯಾಗುತ್ತದೆ. 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಈ ಏರ್ಪಾಡು ಬಂತು, ಇವತ್ತಿಗೂ ಮೂಲದಲ್ಲಿ ಅದೇ. ಇದರ ಮೇಲೆ ಇಂಜಿನ್ ಎಳೆಯುವ ನಿರ್ವಾತದಿಂದ ನಡೆಯುವ ಬೂಸ್ಟರ್ ಬೇರೆ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಮಹಾಶಯರು ಇದನ್ನು ಸ್ವಲ್ಪ ಗಮನಿಸಬೇಕು: ಒಂದೆರಡು ಸಲ ಒತ್ತಿದ ಮೇಲೆ ಬೂಸ್ಟರ್ ಖಾಲಿ, ಆಮೇಲೆ ಪೆಡಲ್ ಕಲ್ಲಿನ ಹಾಗೆ.

ಪಾಸ್ಕಲ್ ಲೆಕ್ಕ ನಡೆಯಬೇಕಾದರೆ ಪೈಪಿನಲ್ಲಿ ಬರೀ ದ್ರವವೇ ಇರಬೇಕು. ದ್ರವ ಕುಗ್ಗುವುದಿಲ್ಲ ಅಂತಲೇ ಹೇಳಬಹುದು, ಗಾಳಿ ಕುಗ್ಗುತ್ತದೆ. ಮಾಸ್ಟರ್ ಸಿಲಿಂಡರ್ ಒಂದು ಸಲಕ್ಕೆ ತಳ್ಳುವುದು ಅಂದಾಜು ಒಂಬತ್ತು–ಹತ್ತು ಮಿಲಿಲೀಟರ್. ಪೈಪಿನಲ್ಲಿ ಮೂರು ಮಿಲಿಲೀಟರ್ ಗಾಳಿ ಸೇರಿದರೂ ಪೆಡಲಿನ ಮೂರನೇ ಒಂದು ಪಾಲು ಆ ಗುಳ್ಳೆಯನ್ನು ಹಿಂಡುವುದಕ್ಕೇ ಹೋಯಿತು. ಕಾಲಿಗೆ ಅದು ಮೆತ್ತಗೆ ಗೊತ್ತಾಗುತ್ತದೆ. ಎರಡು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ, ಆಮೇಲೆ ಮತ್ತೆ ಮೆತ್ತಗೆ.

ಇನ್ನು ನೀರು. ಬ್ರೇಕ್ ಆಯಿಲ್‌ನಲ್ಲಿ ಇರುವುದು ಹೆಚ್ಚಾಗಿ ಗ್ಲೈಕಾಲ್ ಈಥರ್. ಗಾಳಿಯಲ್ಲಿರುವ ತೇವವನ್ನು ಅದು ಎಳೆದುಕೊಳ್ಳುತ್ತದೆ, ಆಟಿ ತಿಂಗಳಲ್ಲಿ ಮುಚ್ಚಳ ಸರಿಯಾಗಿ ಹಾಕದ ಡಬ್ಬದ ಹಲಸಿನ ಹಪ್ಪಳದ ಹಾಗೆ. ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಸಣ್ಣ ತೂತಿನಿಂದ, ರಬ್ಬರ್ ಹೋಸಿನ ಗೋಡೆಯ ಮೂಲಕವೂ ತೇವ ಒಳಗೆ ಬರುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಗೆ ಡಾಟ್ ಅನ್ನುತ್ತಾರೆ. ಹೊಸ ಡಾಟ್ 4 ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಕ್ಯಾಲಿಪರ್ ಆ ಬಿಸಿ ಮುಟ್ಟಿದರೆ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಅಂದರೆ ಮತ್ತೆ ಗಾಳಿಯದೇ ಕತೆ, ಪೆಡಲ್ ಸೀದಾ ನೆಲಕ್ಕೆ. ತಣ್ಣಗಾದ ಮೇಲೆ ಬ್ರೇಕ್ ಸರಿಯಾಗಿಯೇ ಇರುತ್ತದೆ, ಹಾಗಾಗಿ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆಯಲ್ಲಿ ಇದ್ದುಕೊಂಡು, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುವ ಮಾತನ್ನು ಶೋರೂಮಿನವರು ದುಡ್ಡು ಮಾಡಲು ಹೇಳುವುದು ಅಂತ ತಳ್ಳಿಹಾಕಬೇಡಿ.

ಮನೆಯಲ್ಲೇ ಮಾಡಬಹುದಾ? ಮಾಡಬಹುದು. ಆದರೆ ಅಂಗಳ ನೋಡಿ ಮಾಡಿ. ಮಳೆಗೆ ನೆನೆದ ಕೆಂಪು ಮಣ್ಣಿನಲ್ಲಿ ಜಾಕ್ ನಿಧಾನಕ್ಕೆ ಹೂತುಹೋಗುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅದೇ ಒಳ್ಳೆಯದು. ನೆಲದಲ್ಲಿ ಉಳಿಯುವ ಚಕ್ರಗಳಿಗೆ ಅಡ್ಡ ಕಲ್ಲು, ಎತ್ತಿದ ಕಾರಿನ ಕೆಳಗೆ ಜಾಕ್ ಸ್ಟ್ಯಾಂಡ್ ಇಡಲೇಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಕೈ ಹಾಕಬಾರದು.

ಸಾಮಾನು ಜಾಸ್ತಿ ಏನಿಲ್ಲ: ನಿಪ್ಪಲಿಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಗೆ ಬಿಡುವ ಸಣ್ಣ ತೂತಿನ ತಿರುಪು) ಸರಿಯಾಗುವ ರಿಂಗ್ ಸ್ಪ್ಯಾನರ್, ಪಾರದರ್ಶಕ ಟ್ಯೂಬ್, ಹಳೆ ಬಾಟಲಿ, ದೊಡ್ಡ ಸಿರಿಂಜ್, ಸೀಲ್ ಒಡೆಯದ ಒಂದು ಲೀಟರ್ ಆಯಿಲ್. ಯಾವ ಡಾಟ್ ಅಂತ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಅನ್ನುವುದು ಸಿಲಿಕೋನ್, ಅದನ್ನು ಇದರ ಜೊತೆ ಸೇರಿಸಬಾರದು. ಇಂಜಿನ್ ಆಯಿಲ್ ಅಂತೂ ಒಂದು ತೊಟ್ಟೂ ಬೇಡ, ರಬ್ಬರ್ ಸೀಲುಗಳೆಲ್ಲ ಊದಿ ಕೆಟ್ಟುಹೋಗುತ್ತವೆ.

ಕರಾವಳಿಯ ಉಪ್ಪುಗಾಳಿಗೆ ನಿಪ್ಪಲ್ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ದಿನ ಸಂಜೆಯೇ ಅದರ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಜಗ್ಗದಿದ್ದರೆ ಬಲ ಹಾಕಬೇಡಿ, ಮುರಿದರೆ ಕ್ಯಾಲಿಪರೇ ಹೋಗಬಹುದು. ಮೊದಲು ಟ್ಯಾಂಕಿನ ಹಳೆ ಆಯಿಲ್ ಅನ್ನು ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿಸಿ. ಆಮೇಲೆ ದೂರದ ಚಕ್ರದಿಂದ ಶುರು ಮಾಡಬೇಕು: ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆಯದ್ದು. ಮ್ಯಾನುವಲ್ ಬೇರೆ ಕ್ರಮ ಹೇಳಿದರೆ ಅದೇ ಸರಿ.

ಸೀಟಿನಲ್ಲಿ ಒಬ್ಬರು, ಚಕ್ರದ ಹತ್ತಿರ ಒಬ್ಬರು. ಟ್ಯೂಬಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ಬಾಟಲಿಯಲ್ಲಿರುವ ಸ್ವಲ್ಪ ಆಯಿಲ್‌ನಲ್ಲಿ ಮುಳುಗಿರಲಿ. "ಒತ್ತು" ಅಂದಾಗ ಅವರು ನಿಧಾನಕ್ಕೆ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ಕಾಲು ಸುತ್ತು ಬಿಡಬೇಕು. ಟ್ಯೂಬಿನಲ್ಲಿ ಚಹಾ ಬಣ್ಣದ ಆಯಿಲ್, ನಡುನಡುವೆ ಸಣ್ಣ ಗುಳ್ಳೆ ಬರುವುದು ಕಾಣುತ್ತದೆ. ಪೆಡಲ್ ಕೆಳಗೆ ಹೋದ ಕೂಡಲೇ ನಿಪ್ಪಲ್ ಬಿಗಿ ಮಾಡಿ, ಆಮೇಲಷ್ಟೇ "ಬಿಡು" ಅನ್ನಿ. ಈ ಕ್ರಮ ತಪ್ಪಿದರೆ ಪೆಡಲ್ ಮೇಲೆ ಬರುವಾಗ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಹಳೆ ಕಾರಾದರೆ ಪೆಡಲಿನ ಅಡಿಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಿನ ಒಳಗೆ ದಿನಾ ಓಡದ ಜಾಗದಲ್ಲಿ ತುಕ್ಕು ಇರುತ್ತದೆ, ನೆಲದ ತನಕ ಒತ್ತಿದರೆ ರಬ್ಬರ್ ಸೀಲ್ ಅದರ ಮೇಲೆ ಉಜ್ಜಿ ಹರಿಯಬಹುದು. ಐದಾರು ಸಲಕ್ಕೊಮ್ಮೆ ಟ್ಯಾಂಕ್ ನೋಡುತ್ತಿರಿ. ಅದು ಖಾಲಿಯಾದರೆ ಗಾಳಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು) ಘಟಕದೊಳಗೆ ಹೊಕ್ಕು, ಅದನ್ನು ತೆಗೆಯಲು ಸ್ಕ್ಯಾನರ್ ಇರುವ ವರ್ಕ್‌ಶಾಪ್ ಹುಡುಕಬೇಕಾದೀತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ.

ಮುಂದಿನ ಪ್ಯಾಡ್ ಬದಲಿಸುವುದು ಇದಕ್ಕಿಂತ ಸುಲಭ ಅಂತ ನನಗನಿಸುತ್ತದೆ. ಕ್ಯಾಲಿಪರಿನ ಒಂದು ಬೋಲ್ಟ್ ತೆಗೆದು ಮೇಲೆತ್ತಿ, ಪಿಸ್ಟನ್ ಅನ್ನು ಸಿ-ಕ್ಲ್ಯಾಂಪಿನಿಂದ ನಿಧಾನಕ್ಕೆ ಹಿಂದೆ ತಳ್ಳಿ, ಹೊಸ ಪ್ಯಾಡ್ ಕೂರಿಸಿದರೆ ಆಯಿತು. ಕ್ಯಾಲಿಪರ್ ಅನ್ನು ಹೋಸಿನಲ್ಲಿ ನೇತಾಡಲು ಬಿಡಬಾರದು, ತಂತಿಯಲ್ಲಿ ಕಟ್ಟಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆ ಸಾಕು. ಹಿಂದಿನ ಚಕ್ರದ ಡ್ರಮ್ ಬ್ರೇಕಿನ ಸ್ಪ್ರಿಂಗುಗಳ ಗೋಜಿಗೆ ಮೊದಲ ಸಲವೇ ಹೋಗದಿರುವುದು ವಾಸಿ.

ಎಲ್ಲ ಮುಗಿದ ಮೇಲೆ, ಕಾರು ಅಲುಗಾಡುವ ಮೊದಲೇ, ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಗಟ್ಟಿಯಾಗಿ ಒತ್ತಿ ಹಿಡಿದು ನಾಲ್ಕೂ ನಿಪ್ಪಲ್ ಒದ್ದೆಯಾಗಿದೆಯಾ ನೋಡಿ, ಆಮೇಲೆ ಗೇಟಿನ ಒಳಗೇ ಎರಡು ಸುತ್ತು. ಅಷ್ಟಾದರೂ ಪೆಡಲ್ ಮೆತ್ತಗಿದ್ದರೆ ರಸ್ತೆಗೆ ಇಳಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಪೇಂಟ್ ಮೇಲೆ ಚೆಲ್ಲಿದ ಆಯಿಲ್ ಪೇಂಟನ್ನೇ ಎಬ್ಬಿಸುತ್ತದೆ, ಆದರೆ ನೀರಿನಲ್ಲಿ ಕರಗುವುದರಿಂದ ಕೂಡಲೇ ನೀರು ಸುರಿದರೆ ಹೋಗುತ್ತದೆ. ಬಾಟಲಿಯಲ್ಲಿ ಉಳಿದ ಹೊಸ ಆಯಿಲ್ ಅನ್ನು ಮುಂದಿನ ಸಲಕ್ಕೆ ಇಡಬೇಡಿ, ತೆರೆದ ಬಾಟಲಿಯೂ ತೇವ ಎಳೆದುಕೊಳ್ಳುತ್ತದೆ. ಹಳೆಯದನ್ನು ಅಡಿಕೆ ಬುಡಕ್ಕೋ ಚರಂಡಿಗೋ ಸುರಿಯುವ ಅಭ್ಯಾಸ ಬೇಡ. ನಮ್ಮ ಮುರಕಲ್ಲು ತುಂಬ ತೂತು, ಮೇಲೆ ಬಿದ್ದದ್ದು ಇಳಿದು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೋ ಬಾವಿಗೋ ಸೇರಬಹುದು. ಹಳೆ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಟ್ಟುಬಿಡಿ. ಅದನ್ನು ಇಂಜಿನ್ ಆಯಿಲ್ ಜೊತೆ ಬೆರೆಸದೆ, ಬೇರೆಯೇ ಬಾಟಲಿಯಲ್ಲಿ ಕೊಡಿ.