ನಂದಿ ಬೆಟ್ಟಕ್ಕೆ ಸುರಂಗ ಇತ್ತಾ?

ಪ್ರಶ್ನೆ: ಟಿಪ್ಪು ಕಾಲದ ಯುದ್ಧದಲ್ಲಿ ದೇವನಹಳ್ಳಿಯಿಂದ ನಂದಿ ಬೆಟ್ಟಕ್ಕೆ ಸುರಂಗದಲ್ಲಿ ಕದ್ದು ದವಸ ಸಾಗಿಸುತ್ತಿದ್ದರಂತೆ. ನಿಜವಾ?

ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರವೂ ಅದೇ: ಇಲ್ಲ. ಈ ಸಲ ಕಾರಣಗಳನ್ನೂ ಪೂರ್ತಿ ಹೇಳಿಬಿಡುತ್ತೇನೆ.

ಎರಡು ಕೋಟೆಗಳ ನಡುವೆ ನೇರ ಗೆರೆ ಎಳೆದರೂ 12 ಕಿ.ಮೀ.ಗಿಂತ ಜಾಸ್ತಿ. ಬೆಟ್ಟವೋ ಕಗ್ಗಲ್ಲು. ಅಷ್ಟುದ್ದದ ಬಿಲದಲ್ಲಿ ಮೂಟೆ ಹೊತ್ತವನು ಉಸಿರಾಡುವುದು ಹೇಗೆ? ಗಾಳಿಗೆಂದು ಬಾವಿ ತೋಡಿದ್ದರೆ ದಾರಿಯುದ್ದಕ್ಕೂ ಹೊಲಗಳಲ್ಲಿ ಅವು ಕಾಣಬೇಕಿತ್ತಲ್ವಾ? ಅಗೆದ ಕಲ್ಲುಮಣ್ಣಿನ ಗುಡ್ಡೆ ಎಲ್ಲಿ? ಕೆಜಿಎಫ್‌ನ ಗಣಿಮಣ್ಣಿನ ದಿಬ್ಬಗಳನ್ನು ನೋಡಿದವರು ಈ ಪ್ರಶ್ನೆಯನ್ನು ಮೊದಲು ಕೇಳಬೇಕು.

ಇದಕ್ಕಿಂತ ದೊಡ್ಡ ಸಾಕ್ಷಿ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ 1791ರ ಯುದ್ಧವೇ. ಮಾರ್ಚ್‌ನಲ್ಲಿ ಬೆಂಗಳೂರು ಬಿತ್ತು, ಹಿಂದೆಯೇ ದೇವನಹಳ್ಳಿಯೂ ಕಂಪನಿಯ ದಂಡನಾಯಕ ಕಾರ್ನ್‌ವಾಲಿಸನ ವಶವಾಯಿತು. ನಂದಿಗೆ ಮುತ್ತಿಗೆ ಬಿದ್ದದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಸುರಂಗ ಇದ್ದಿದ್ದರೆ ಅದರ ಒಂದು ಬಾಯಿ ಆಗಲೇ ಶತ್ರುವಿನ ಕೈಯಲ್ಲಿತ್ತು! ಆದರೂ ಕಂಪನಿಯವರು ಬೆಟ್ಟದ ಮೈಗೆ ದಾರಿ ಕಡಿದರು. ಆನೆಗಳಿಂದ ಫಿರಂಗಿ ಎಳೆಸಿದರು. ಗೋಡೆ ಒಡೆದು, ಮೇಲಿಂದ ಉರುಳುವ ಬಂಡೆಗಳಿಗೆ ಮೈಯೊಡ್ಡಿ, ಅಕ್ಟೋಬರ್ 19ರಂದು ಕೋಟೆ ಹಿಡಿದರು. ಸುರಂಗ ಇದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಯುದ್ಧದ ದವಸದ ವ್ಯಾಪಾರ, ಗೂಢಚಾರಿಕೆ ಎರಡೂ ನಡೆದವು, ಆದರೆ ನೆಲದ ಮೇಲೆ, ಘಟ್ಟದ ದಾರಿಗಳಲ್ಲಿ. ಗಡಿಯಾಚೆಯ ಆಂಬೂರಿನಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಯುದ್ಧಕ್ಕೆ ಮೊದಲೇ ಮೈಸೂರಿನ ಸುದ್ದಿ ಕಲೆಹಾಕುತ್ತಿದ್ದ. ಮುಂದೆ ಮದ್ರಾಸ್ ಗವರ್ನರ್ ಆದ ಥಾಮಸ್ ಮನ್ರೋ ಆಗ ಅವನ ಸಹಾಯಕ. ಕಾರ್ನ್‌ವಾಲಿಸ್ ಆಂಬೂರಿನ ಕಡೆ ಹೊರಟಂತೆ ತೋರಿಸಿ, ಮುಗಳಿ ಘಟ್ಟ ಹತ್ತಿ ಕೋಲಾರಕ್ಕೆ ಬಂದ. ಅವನ ದಂಡಿಗೆ ಎತ್ತುಗಳ ಮೇಲೆ ದವಸ ತಂದವರು ಲಂಬಾಣಿಗರು. ಅವರನ್ನು ದ್ರೋಹಿಗಳು ಅನ್ನಬೇಡಿ. ಯಾವ ದಂಡು ಬಂದರೂ ದವಸ ಮಾರುವುದು ಅವರ ಕಸುಬು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ನೆಲದಡಿ ದವಸ ಇರುತ್ತಿದ್ದದ್ದು ಹಗೇವಿನಲ್ಲಿ, ಅಂದರೆ ದವಸ ತುಂಬಿಡುವ ಗುಂಡಿಯಲ್ಲಿ. ಬಾಯಿ ಕಿರಿದು, ಒಳಗೆ ಅಗಲ, ಸುತ್ತ ಹುಲ್ಲು. ರಾಗಿ ಅದರಲ್ಲಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿಗೆ ಮಣ್ಣು ಮುಚ್ಚಿದರೆ ಹೊರಗಿನವರಿಗೆ ಗುರುತೇ ಸಿಗದು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಆರಿದರೆ ಇನ್ನಷ್ಟು ಹೊತ್ತು ಕಾಯಬೇಕು. ನಿಮ್ಮೂರಲ್ಲಿ ಹಳೇ ಹಗೇವು ಉಳಿದಿದ್ದರೆ, ಊರಿನ ಹೆಸರು ಸಮೇತ ಬರೆದು ಕಳಿಸಿ.